ಥರ್ಮಲ್‌ನವರಿಗೆಲ್ಲ ಸಿಸ್‌ಎಂಎಲ್ ಕಲಿಸಬೇಡಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಮಾಡೋಣ ಅಂತಲೇ ಮೈಕ್ ಮುಂದೆ ಕೂತಿದ್ದೇನೆ.

ಬೆಂಗಳೂರಿನಲ್ಲಿ ಉಪಗ್ರಹದ ಕೆಲಸ ಮಾಡುವ ನಾಲ್ಕು ಜನ ಸೇರಿದರೆ ಎಂಬಿಎಸ್‌ಇ ಅನ್ನುವ ಮಾತು ಬಂದೇ ಬರುತ್ತದೆ. ಮಾಡೆಲ್ ಬೇಸ್ಡ್ ಸಿಸ್ಟಮ್ಸ್ ಎಂಜಿನಿಯರಿಂಗ್. ಹೊಸಬರಿಗೆ ಚುಟುಕಾಗಿ ಹೇಳುತ್ತೇನೆ. ಉಪಗ್ರಹ ಏನು ಮಾಡಬೇಕು, ಅದರಲ್ಲಿ ಏನೇನಿದೆ, ಯಾವುದು ಯಾವುದಕ್ಕೆ ಸೇರುತ್ತದೆ, ಇದನ್ನೆಲ್ಲ ನೂರಾರು ಪುಟದ ವರ್ಡ್ ಫೈಲುಗಳಲ್ಲಿ ಹೂತಿಡುವ ಬದಲು ಕಂಪ್ಯೂಟರ್ ಓದಬಲ್ಲ ಮಾಡೆಲ್‌ನಲ್ಲಿ ಇಡುವುದು. ಅದಕ್ಕೆ ಹೆಚ್ಚಾಗಿ ಬಳಸುವ ಭಾಷೆ ಸಿಸ್‌ಎಂಎಲ್. ಕಪೆಲ್ಲಾ ಅನ್ನುವ ಟೂಲ್ ಬಳಸುವವರು ನಮ್ಮದು ಆರ್ಕೇಡಿಯಾ ಅನ್ನುವ ಬೇರೆ ವಿಧಾನ ಅಂತಾರೆ. ಅದು ದಾಯಾದಿ ಜಗಳ, ಇವತ್ತು ಬೇಡ.

ಐಡಿಯಾ ಒಳ್ಳೆಯದೇ. ನನ್ನ ತಕರಾರು ಅದನ್ನು ಉಳಿದವರ ಮೇಲೆ ಹೇರುವ ರೀತಿಯ ಬಗ್ಗೆ. ಉಳಿದವರು ಅಂದರೆ ಬಿಸಿ-ತಂಪು ನೋಡುವ ಥರ್ಮಲ್, ಚೌಕಟ್ಟು ನೋಡುವ ಸ್ಟ್ರಕ್ಚರ್, ದಿಕ್ಕು ನೋಡುವ ಕಂಟ್ರೋಲ್, ರೇಡಿಯೋ ನೋಡುವ ಆರ್‌ಎಫ್, ವಿದ್ಯುತ್ ನೋಡುವ ಪವರ್. ಉಪಗ್ರಹ ಬದುಕುತ್ತದೋ ಸಾಯುತ್ತದೋ ಅನ್ನುವ ಲೆಕ್ಕ ಮಾಡುವವರು ಇವರು.

ಒಂದು ಸನ್ನಿವೇಶ ಕಲ್ಪಿಸಿಕೊಳ್ಳಿ. ಸಣ್ಣ ಉಪಗ್ರಹ. ಆಂಟೆನಾ ಬ್ರಾಕೆಟ್‌ಗೆ ಜಾಗ ಸಾಲದೆ ಸ್ಟ್ರಕ್ಚರ್‌ನವರು ಸ್ಟಾರ್ ಸೆನ್ಸರನ್ನು, ಅಂದರೆ ನಕ್ಷತ್ರ ನೋಡಿ ಉಪಗ್ರಹದ ದಿಕ್ಕು ಹೇಳುವ ಕ್ಯಾಮೆರಾವನ್ನು, 80 ಮಿಲಿಮೀಟರ್ ಪಕ್ಕಕ್ಕೆ ಸರಿಸುತ್ತಾರೆ. ಅವರ ಲೆಕ್ಕದಲ್ಲಿ ಎಲ್ಲ ಸರಿ. ತೂಕ ಅಷ್ಟೇ ಇದೆ, ಕಂಪನವೂ ಮಿತಿಯೊಳಗಿದೆ. ಆದರೆ ಹೊಸ ಜಾಗ ಇರುವುದು ಬ್ಯಾಟರಿ ಪಕ್ಕ. ಅಲ್ಲಿ ಪ್ಯಾನೆಲ್ ಬಿಸಿ ಏರಿಳಿಯುವುದು ಜಾಸ್ತಿ. ಬಿಸಿಗೆ ಬ್ರಾಕೆಟ್ ಕಣ್ಣಿಗೆ ಕಾಣದಷ್ಟು ಬಾಗಿದರೂ ಸಾಕು, ಸೆನ್ಸರ್ ನೋಡುವ ದಿಕ್ಕು ತಪ್ಪುತ್ತದೆ. 500 ಕಿಲೋಮೀಟರ್ ಎತ್ತರದಿಂದ 10 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 360ನೇ ಒಂದು ಭಾಗ) ತಪ್ಪಿದರೆ ನೆಲದ ಮೇಲೆ ಸುಮಾರು 24 ಮೀಟರ್ ಆಚೀಚೆ ಆಗುತ್ತದೆ. ನಿಮ್ಮ ಕ್ಯಾಮೆರಾ ಗದ್ದೆ ಬಿಟ್ಟು ಪಕ್ಕದ ರಸ್ತೆ ತೋರಿಸುತ್ತದೆ. ಸಾಲದ್ದಕ್ಕೆ ಸೋಲಾರ್ ಪ್ಯಾನೆಲ್ ತಿರುಗುವಾಗ ಅದರ ಅಂಚಿಗೆ ಬಡಿದ ಬಿಸಿಲು ಸೀದಾ ಸೆನ್ಸರ್ ಒಳಗೆ ಬೀಳುತ್ತದೆ.

ಈಗ ಸಿಸ್ಟಮ್ಸ್‌ನವರ ಮಾಡೆಲ್ ತೆರೆದು ನೋಡಿ. ಸ್ಟಾರ್ ಸೆನ್ಸರ್ ಅಂತ ಒಂದು ಚೌಕ. ಆನ್‌ಬೋರ್ಡ್ ಕಂಪ್ಯೂಟರ್ ಅಂತ ಇನ್ನೊಂದು. ನಡುವೆ ಆರ್‌ಎಸ್-422 ಅಂತ ಡೇಟಾ ಸಂಪರ್ಕದ ಗೆರೆ. ನಿನ್ನೆ ಹೇಗಿತ್ತೋ ಇವತ್ತೂ ಹಾಗೇ! ಆ ಮಾಡೆಲ್‌ಗೆ ಮಿಲಿಮೀಟರ್ ಗೊತ್ತಿಲ್ಲ, ಅದು ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರ್ ನಕ್ಷೆಯಲ್ಲಿ, ಇದೆ. ಬಿಸಿ ಥರ್ಮಲ್‌ನವರ ಟೂಲ್‌ನಲ್ಲಿದೆ. ದಿಕ್ಕಿನ ಲೆಕ್ಕ ಕಂಟ್ರೋಲ್‌ನವರ ಮ್ಯಾಟ್‌ಲ್ಯಾಬ್‌ನಲ್ಲಿದೆ.

ಇದಕ್ಕೆ ಎಂಬಿಎಸ್‌ಇ ಭಕ್ತರ ಉತ್ತರ ಗೊತ್ತಲ್ವಾ? ಎಲ್ಲವನ್ನೂ ಮಾಡೆಲ್‌ಗೆ ತುಂಬೋಣ. ಆಗುವ ಮಾತಲ್ಲ. ಸ್ಟ್ರಕ್ಚರ್‌ನವರು ನಾಸ್ಟ್ರಾನ್ ಸಾಫ್ಟ್‌ವೇರ್‌ನಲ್ಲಿ ಪ್ಯಾನೆಲನ್ನು ಲಕ್ಷಗಟ್ಟಲೆ ಸಣ್ಣ ತುಂಡುಗಳಾಗಿ (ಎಲಿಮೆಂಟ್‌ಗಳಾಗಿ) ಒಡೆದಿರಬಹುದು. ಅದೇ ಪ್ಯಾನೆಲ್ ಥರ್ಮಲ್‌ನವರ ಲೆಕ್ಕದಲ್ಲಿ ಕೆಲವೇ ಬಿಂದುಗಳು (ನೋಡ್‌ಗಳು). ಒಂದರ ಉಷ್ಣತೆಯನ್ನು ಇನ್ನೊಂದರ ಮೇಲೆ ಕೂರಿಸುವುದೇ ಒಂದು ಕಸುಬು. ಅದನ್ನು ಚೌಕ, ಗೆರೆಗಳಿಗೆ ಇಳಿಸಲು ಬರುವುದಿಲ್ಲ. ಕೊನೆಗೆ ಏನಾಗುತ್ತದೆ ಅಂದರೆ, ಥರ್ಮಲ್ ಎಂಜಿನಿಯರ್ ಹತ್ತಿರ ಹೋಗಿ "ಸರ್, ನಿಮ್ಮ ನಂಬರ್‌ಗಳನ್ನು ಸ್ವಲ್ಪ ಸಿಸ್‌ಎಂಎಲ್‌ಗೆ ಹಾಕಿಕೊಡಿ" ಅನ್ನುತ್ತಾರೆ. ಮದುವೆ ದಿನ ಅಡುಗೆ ಭಟ್ಟರ ಕೈಗೆ ಛತ್ರದ ಲೆಕ್ಕದ ಪುಸ್ತಕ ಕೊಟ್ಟ ಹಾಗೆ. ರಿವ್ಯೂ ಹಿಂದಿನ ವಾರ ಒಂದು ಸಲ ತುಂಬಿಕೊಡುತ್ತಾರೆ, ಪಾಪ. ಆಮೇಲೆ ಅತ್ತ ತಲೆ ಹಾಕುವುದಿಲ್ಲ. ಹಾಕುವುದಾದರೂ ಯಾಕೆ? ಅವರಿಗೆ ವಾಪಸ್ ಏನು ಸಿಕ್ಕಿತು?

ಈ ವಿಷಯ ಬಂದಾಗ ಎಲ್ಲರೂ 1999ರಲ್ಲಿ ಮಂಗಳದ ಬಳಿ ಕಳೆದುಹೋದ ನಾಸಾ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಥೆ ತೆಗೆಯುತ್ತಾರೆ. ಪೌಂಡು, ನ್ಯೂಟನ್ ಗೊಂದಲ. ಆದರೆ ಅದರಲ್ಲಿ ಇಂಟರ್‌ಫೇಸ್ ದಾಖಲೆ ಸರಿಯಾಗೇ ಇತ್ತು. ನ್ಯೂಟನ್-ಸೆಕೆಂಡ್‌ನಲ್ಲೇ ಕೊಡಬೇಕು ಅಂತ ಬರೆದಿತ್ತು. ನೆಲದ ಮೇಲಿನ ಸಾಫ್ಟ್‌ವೇರ್ ಅದನ್ನು ಪಾಲಿಸಲಿಲ್ಲ, ಲೆಕ್ಕ 4.45 ಪಟ್ಟು ತಪ್ಪಿತು. ಅದೇ ಸಾಲನ್ನು ಚಂದದ ಮಾಡೆಲ್‌ನಲ್ಲಿ ಇಟ್ಟಿದ್ದರೂ, ಆ ಸಾಫ್ಟ್‌ವೇರ್ ಮಾಡೆಲ್ ಓದದಿದ್ದರೆ ಗತಿ ಅಷ್ಟೇ.

ನನ್ನನ್ನು ಹೆಚ್ಚು ಕಾಡುವುದು ಹೈಗನ್ಸ್ ಕಥೆ. ಶನಿ ಗ್ರಹದ ಚಂದ್ರ ಟೈಟನ್ ಮೇಲೆ ಇಳಿಯಬೇಕಿದ್ದ ಯುರೋಪಿನ ನೌಕೆ. ಅದನ್ನು ಹೊತ್ತ ಕಸ್ಸೀನಿ 1997ರಲ್ಲಿ ಹೊರಟಿತು. ಹೈಗನ್ಸ್ ಇಳಿಯುವಾಗ ಕಳಿಸುವ ಡೇಟಾವನ್ನು ಮೇಲೆ ಹಾರುವ ಕಸ್ಸೀನಿ ಹಿಡಿದುಕೊಳ್ಳಬೇಕು. ಇಬ್ಬರ ನಡುವಿನ ವೇಗ ಸೆಕೆಂಡಿಗೆ ಸುಮಾರು 5.5 ಕಿಲೋಮೀಟರ್. ಅಂದರೆ ಡಾಪ್ಲರ್ ಪರಿಣಾಮ ಇರುತ್ತದೆ, ವೇಗದಿಂದ ಸಿಗ್ನಲ್‌ನ ಫ್ರೀಕ್ವೆನ್ಸಿ ಬದಲಾಗುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ರಿಸೀವರ್ ಮಾಡಿದವರು ಕ್ಯಾರಿಯರ್, ಅಂದರೆ ಡೇಟಾ ಹೊತ್ತು ತರುವ ರೇಡಿಯೋ ಅಲೆಯ, ಫ್ರೀಕ್ವೆನ್ಸಿ ಸರಿಯುವುದಕ್ಕೆ ಅವಕಾಶವನ್ನೂ ಇಟ್ಟಿದ್ದರು. ಆದರೆ ವೇಗ ಇದ್ದಾಗ ಕ್ಯಾರಿಯರ್ ಮಾತ್ರ ಸರಿಯುವುದಿಲ್ಲ, ಬಿಟ್‌ಗಳು ಬರುವ ಲಯವೂ ಸರಿಯುತ್ತದೆ. ಎಷ್ಟು? ಲಕ್ಷದಲ್ಲಿ ಎರಡು ಭಾಗದಷ್ಟೂ ಇಲ್ಲ. ಅಷ್ಟಕ್ಕೇ ರಿಸೀವರ್ ಹಾದಿ ತಪ್ಪುತ್ತಿತ್ತು.

ಸಿಕ್ಕಿದ್ದು ಹೇಗೆ? 2000ದಲ್ಲಿ ಬೋರಿಸ್ ಸ್ಮೆಡ್ಸ್ ಎಂಬ ಎಂಜಿನಿಯರ್, ಹೈಗನ್ಸ್ ಸಿಗ್ನಲನ್ನು ಡಾಪ್ಲರ್ ಸಮೇತ ಅನುಕರಿಸಿ, ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ಆಂಟೆನಾದಿಂದ ಹಾರುತ್ತಿದ್ದ ಕಸ್ಸೀನಿಗೆ ಕಳಿಸಿ ನೋಡಿದರು. ಡೇಟಾ ಚಿಂದಿ ಚಿಂದಿ. ರಿಸೀವರನ್ನು ನೆಲದಿಂದ ತಿದ್ದುವ ದಾರಿ ಇರಲಿಲ್ಲ. ಕೊನೆಗೆ ಕಾಪಾಡಿದ್ದು ಕಕ್ಷೆಯ ಲೆಕ್ಕದವರು. ಟೈಟನ್‌ನಿಂದ ಸುಮಾರು 1,200 ಕಿಲೋಮೀಟರ್ ದೂರದಲ್ಲಿ ಹಾದುಹೋಗಬೇಕಿದ್ದ ಕಸ್ಸೀನಿಯನ್ನು ಸುಮಾರು 60,000 ಕಿಲೋಮೀಟರ್ ದೂರಕ್ಕೆ ಒಯ್ದರು. ಡಾಪ್ಲರ್ ತಗ್ಗಿತು. 2005ರ ಜನವರಿ 14ರಂದು ಹೈಗನ್ಸ್ ಇಳಿಯಿತು.

ಇದರಲ್ಲಿ ಎಂಬಿಎಸ್‌ಇ ಪರ ಇರುವ ನನ್ನಂಥವರಿಗೆ ಚುಚ್ಚುವ ಮುಳ್ಳು ಇದೆ. ಮಾಡೆಲ್ ಇದ್ದಿದ್ದರೆ ಇದು ಸಿಗುತ್ತಿತ್ತಾ? ನನಗೆ ನಂಬಿಕೆ ಇಲ್ಲ. ಕಕ್ಷೆಯಿಂದ ರೇಡಿಯೋಗೆ "ಡಾಪ್ಲರ್" ಅಂತ ಗೆರೆ ಇರುತ್ತಿತ್ತು, ಪಕ್ಕದಲ್ಲಿ ಹಸಿರು ಟಿಕ್ ಇರುತ್ತಿತ್ತು. ಡಾಪ್ಲರ್ ಯಾವುದರ ಮೇಲೆ, ಕ್ಯಾರಿಯರ್ ಮೇಲಾ ಬಿಟ್ ಮೇಲಾ ಅಂತ ಕೇಳಲು ಎರಡೂ ಕಡೆಯದು ಗೊತ್ತಿರುವ ಮನುಷ್ಯ ಬೇಕು.

ನಮ್ಮದೇ ಚಂದ್ರಯಾನ-2 ನೋಡಿ. ಎಸ್. ಸೋಮನಾಥ್ ಇಸ್ರೋ ಅಧ್ಯಕ್ಷರಾಗಿದ್ದಾಗ 2023ರಲ್ಲಿ ಬಿಡಿಸಿ ಹೇಳಿದ್ದರು. ಎಂಜಿನ್‌ಗಳ ಒತ್ತು ಎಣಿಸಿದ್ದಕ್ಕಿಂತ ಜಾಸ್ತಿ ಬಂತು. ಆ ತಪ್ಪು ಕೂಡುತ್ತಾ ಹೋಯಿತು. ಸರಿಮಾಡಲು ನೌಕೆ ವೇಗವಾಗಿ ತಿರುಗಬೇಕಿತ್ತು, ಸಾಫ್ಟ್‌ವೇರ್ ಅದಕ್ಕೆ ಮಿತಿ ಹಾಕಿತ್ತು. ಇಳಿಯುವ ಜಾಗ 500 ಮೀಟರ್‌ಗೆ 500 ಮೀಟರ್ ಅಷ್ಟೇ. ಒಂದೊಂದನ್ನೇ ನೋಡಿದರೆ ಸಮರ್ಥಿಸಿಕೊಳ್ಳಬಹುದಾದ ನಿರ್ಧಾರಗಳು. ಮೂರೂ ಒಟ್ಟಿಗೆ ಸೇರಿದಾಗ ಸೋತವು. ಚಂದ್ರಯಾನ-3ಕ್ಕೆ ಇವನ್ನೆಲ್ಲ ಒಟ್ಟಿಗೇ ಸಡಿಲಿಸಿದರು.

ಹಾಗಾದರೆ ಸೇತುವೆ ಹೇಗಿರಬೇಕು? ನನ್ನ ಪ್ರಕಾರ ಕಿರಿದಾಗಿರಬೇಕು. ಥರ್ಮಲ್‌ನವರ ಲೆಕ್ಕವೆಲ್ಲ ಮಾಡೆಲ್‌ಗೆ ಬೇಡ. ಗಡಿ ದಾಟುವ ಸಂಖ್ಯೆಗಳು ಮಾತ್ರ ಸಾಕು. ಸ್ಟಾರ್ ಸೆನ್ಸರ್ ಕೂತ ಜಾಗ, ಆ ಜಾಗದ ಗರಿಷ್ಠ ಕನಿಷ್ಠ ಉಷ್ಣತೆ, ಅದರಿಂದ ದಿಕ್ಕಿಗೆ ಬರುವ ತಪ್ಪು. ಪ್ರತಿ ಸಂಖ್ಯೆಗೂ ಒಬ್ಬ ಯಜಮಾನ, ಯೂನಿಟ್, ಮಾರ್ಜಿನ್. ಮುಖ್ಯವಾಗಿ, ಕ್ಯಾಡ್‌ನ ಯಾವ ವರ್ಷನ್ ಮೇಲೆ ಲೆಕ್ಕ ಮಾಡಿದ್ದು ಅನ್ನುವ ಗುರುತು. ಅದನ್ನು ಯಾರೂ ಕೈಯಲ್ಲಿ ಟೈಪ್ ಮಾಡಬಾರದು. ಅವರ ಟೂಲಿನಿಂದ ಸ್ಕ್ರಿಪ್ಟ್ ಎತ್ತಿಕೊಂಡು ಬರಬೇಕು. ಸಿಸ್‌ಎಂಎಲ್‌ನ ಎರಡನೇ ಆವೃತ್ತಿಯಲ್ಲಿ ಮಾಡೆಲನ್ನು ಪಠ್ಯವಾಗಿ ಬರೆಯಬಹುದು, ಬೇರೆ ಸಾಫ್ಟ್‌ವೇರ್ ಅದರ ಜೊತೆ ಮಾತಾಡಲು ಎಪಿಐ ಕೂಡ ಇದೆ, ಹಾಗಾಗಿ ಇದು ಮೊದಲಿಗಿಂತ ಸುಲಭ. ಸ್ಟ್ರಕ್ಚರ್‌ನವರು ಸೆನ್ಸರ್ ಸರಿಸಿದ ಸಂಜೆಯೇ ಥರ್ಮಲ್‌ನವರಿಗೆ "ನಿಮ್ಮ ಲೆಕ್ಕ ಹಳತಾಯಿತು" ಅಂತ ಮೆಸೇಜ್ ಬರಬೇಕು. ಆಗ ನೋಡಿ, ಅವರೇ ಬಂದು ಮಾಡೆಲ್ ಎಲ್ಲಿದೆ ಅಂತ ಕೇಳುತ್ತಾರೆ.

ಎಕ್ಸೆಲ್ ಸಾಕಲ್ವಾ ಅನ್ನುವವರಿಗೂ ಒಂದು ಮಾತು. ನೆದರ್ಲೆಂಡ್ಸ್‌ನಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆಯವರು 1998ರಲ್ಲಿ ಕಾನ್‌ಕರೆಂಟ್ ಡಿಸೈನ್ ಕೊಠಡಿ, ಅಂದರೆ ಎಲ್ಲರೂ ಒಟ್ಟಿಗೆ ಕೂತು ವಿನ್ಯಾಸ ಮಾಡುವ ಜಾಗ, ಶುರು ಮಾಡಿದಾಗ ಒಂದಕ್ಕೊಂದು ಜೋಡಿಸಿದ ಎಕ್ಸೆಲ್ ಶೀಟುಗಳೇ ಆಧಾರವಾಗಿದ್ದವು. ನಡೆಯಿತು, ಯಾಕೆಂದರೆ ಎಲ್ಲ ಪರಿಣತರೂ ಒಂದೇ ಕೋಣೆಯಲ್ಲಿ ಕೂತಿದ್ದರು. ಅದು ಆರಂಭದ ಅಧ್ಯಯನಕ್ಕೆ. ಕಟ್ಟುವ ಹೊತ್ತಿಗೆ ಜನ ಚದುರಿರುತ್ತಾರೆ. ಇಲ್ಲೇ ನೋಡಿ, ಇಸ್ರೋದ ಉಪಗ್ರಹ ಕೇಂದ್ರ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ, ಜೋಡಣೆ ಮಾರತ್‌ಹಳ್ಳಿ ಕಡೆ, ಸೆನ್ಸರ್ ಮಾಡುವ ಲಿಯೋಸ್ ಪೀಣ್ಯದಲ್ಲಿ. ಸಂಜೆ ಆರಕ್ಕೆ ಮಾರತ್‌ಹಳ್ಳಿಯಿಂದ ಪೀಣ್ಯಕ್ಕೆ "ಒಂದು ನಿಮಿಷ ಕೇಳಿಕೊಂಡು ಬರ್ತೀನಿ" ಅಂತ ಹೋಗಿ ನೋಡಿ.

ಇನ್ನು ಎರಡೂ ಕಡೆಯದು ಗೊತ್ತಿರಬೇಕಾದ ಆ ಮನುಷ್ಯನ ವಿಷಯ. ಕಂಪನಿಗಳು ಎಂಬಿಎಸ್‌ಇ ಕೆಲಸಕ್ಕೆ ಟೂಲ್ ಬಲ್ಲವರನ್ನು ಹುಡುಕುತ್ತವೆ. ನಾನಾಗಿದ್ದರೆ ಉಲ್ಟಾ ಮಾಡುತ್ತೇನೆ. ಥರ್ಮಲ್‌ನಲ್ಲೋ ಕಂಟ್ರೋಲ್‌ನಲ್ಲೋ ಚೆನ್ನಾಗಿ ಪಳಗಿದ ಒಬ್ಬರನ್ನು ಆರಿಸಿ, ಅವರೊಬ್ಬರಿಗೆ ಸಿಸ್‌ಎಂಎಲ್ ಕಲಿಸುತ್ತೇನೆ. ಭಾಷೆ ಕೆಲವು ತಿಂಗಳಲ್ಲಿ ಬರುತ್ತದೆ. ಬ್ರಾಕೆಟ್ ಬಿಸಿಗೆ ಬಾಗುತ್ತದೆ ಅನ್ನುವ ಅನುಮಾನ ಬರಲು ವರ್ಷಗಳು ಬೇಕು. ತೊಡಕು ಇರುವುದು ಬೇರೆ ಕಡೆ. ಅಂಥವರನ್ನು ಅವರ ಮ್ಯಾನೇಜರ್ ಬಿಟ್ಟುಕೊಡುವುದಿಲ್ಲ. ಬಿಟ್ಟರೂ, ಅತ್ತ ಥರ್ಮಲ್‌ನವರಲ್ಲ, ಇತ್ತ ಸಿಸ್ಟಮ್ಸ್‌ನವರಲ್ಲ ಅಂತ ಅವರ ಬಡ್ತಿ ಮಧ್ಯದಲ್ಲೇ ನಿಲ್ಲುತ್ತದೆ. ನಿಮ್ಮ ಟೀಮಿನಲ್ಲಿ ಆ ಕುರ್ಚಿಗೆ ಬಡ್ತಿ ಇದೆಯಾ? ಇದ್ದರೆ ಬರೆದು ತಿಳಿಸಿ. ಇಲ್ಲದಿದ್ದರೆ ಟೂಲ್ ಲೈಸೆನ್ಸ್‌ಗೆ ದುಡ್ಡು ಕಟ್ಟುವ ಮುಂಚೆ ಎಚ್‌ಆರ್ ಹತ್ತಿರ ಹೋಗಿ ಮಾತಾಡಿ.