ಕಿಡಿ ಬೀಳುವ ಹೊತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ಔಷಧಿ ಹೊಡೆಯುವ ಮಷೀನಿನ ಹಗ್ಗ ಎಳೆದಾಗ ಅದು ಒಮ್ಮೊಮ್ಮೆ ನಿಮ್ಮ ಕೈಯನ್ನೇ ಜಗ್ಗಿ ವಾಪಸ್ ಎಳೆದುಕೊಂಡಿದ್ದುಂಟು, ಅಲ್ವಾ? ಬೆರಳು ಜುಮ್ಮೆನ್ನುತ್ತದೆ. ಗಂಗಾವತಿ ಕಡೆ ಭತ್ತ ಬೆಳೆಯುವವರಿಗೆ ಈ ಏಟು ಚೆನ್ನಾಗಿ ಗೊತ್ತು. ಪಿಸ್ಟನ್ ಮೇಲೆ ಏರುತ್ತಿರುವಾಗಲೇ ಕಿಡಿ ಬಿದ್ದು, ಬೆಂಕಿ ಅದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿರುತ್ತದೆ. ಇವತ್ತು ನಾನು ಮಾತಾಡುವುದು ಆ ಕಿಡಿ ಬೀಳುವ ಹೊತ್ತಿನ ಬಗ್ಗೆ. ನಾವು ಮೆಕ್ಯಾನಿಕ್‌ಗಳು ಅದಕ್ಕೆ ಟೈಮಿಂಗ್ ಅನ್ನುತ್ತೇವೆ.

ನನ್ನದು ಸಣ್ಣ ಇಂಜಿನ್ ರಿಪೇರಿ ಅಂಗಡಿ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಉಣ್ಣಲೂ ಪುರುಸೊತ್ತಿಲ್ಲ. ಕೊಯ್ಲು ಮುಗಿದ ಮೇಲೆ ಕೈ ಖಾಲಿ. ಆಗ ಗುಜರಿಗೆ ಹೊರಟ ಪಂಪಿನ ಇಂಜಿನ್ನುಗಳನ್ನು ಎತ್ತಿಟ್ಟುಕೊಂಡು ಮಾದರಿ ದೋಣಿಗೆ ಕೂರಿಸುತ್ತೇನೆ. ಮೂರೂವರೆ ಅಡಿಯ ಫೈಬರ್ ದೋಣಿ, 26 ಸಿಸಿ ಟು ಸ್ಟ್ರೋಕ್ ಇಂಜಿನ್, ಆಯಿಲ್ ಬೆರೆಸಿದ ಪೆಟ್ರೋಲ್, ಕೈಯಲ್ಲಿ ರಿಮೋಟ್. ಸಿಲಿಂಡರಿಗೆ ಜಾಕೆಟ್ ಹಾಕಿ ಕೆರೆಯ ನೀರನ್ನೇ ಹರಿಸಿ ತಂಪು ಮಾಡುತ್ತೇನೆ.

ಕಿಡಿ ಬಿದ್ದ ತಕ್ಷಣ ಪೆಟ್ರೋಲೆಲ್ಲ ಒಟ್ಟಿಗೆ ಉರಿದುಬಿಡುವುದಿಲ್ಲ. ಹುಲ್ಲಿನ ಬಣವೆಯ ಒಂದು ತುದಿಗೆ ಬೆಂಕಿ ತಗುಲಿದರೆ ಇನ್ನೊಂದು ತುದಿ ಮುಟ್ಟಲು ಹೊತ್ತು ಬೇಕಲ್ಲ, ಹಾಗೆ. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಕೊಡಬೇಕು. ಇಂಥ ಇಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಮುಂಚೆ. ಈ ಡಿಗ್ರಿ ಬಿಸಿಯದ್ದಲ್ಲ, ಪಿಸ್ಟನ್ ತಿರುಗಿಸುವ ಶಾಫ್ಟಿನದು; ಅದರ ಪೂರ್ತಿ ಒಂದು ಸುತ್ತಿಗೆ 360 ಡಿಗ್ರಿ. ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಒಂದು ಸುತ್ತಿಗೆ ಸೆಕೆಂಡಿನ ನೂರನೇ ಒಂದು ಭಾಗ ಸಿಗುತ್ತದೆ. 12,000ಕ್ಕೆ ಹೋದರೆ ಅದರಲ್ಲೂ ಅರ್ಧ. ದೋಣಿಯಲ್ಲಿ ಇಂಜಿನ್ನನ್ನು ಜಾಸ್ತಿ ವೇಗಕ್ಕೆ ಓಡಿಸುತ್ತೇವೆ. ಹಾಗಾಗಿ ಕಿಡಿಯನ್ನು ಇನ್ನೊಂದಿಷ್ಟು ಮುಂಚೆ ಕೊಡುವ ಆಸೆ ಎಲ್ಲರಿಗೂ ಆಗುತ್ತದೆ. ನನಗೂ ಆಯಿತು.

ಈ ಇಂಜಿನ್ನಿನಲ್ಲಿ ಟೈಮಿಂಗ್‌ಗೆ ಅಂತ ತಿರುಪು ಇರುವುದಿಲ್ಲ. ಮ್ಯಾಗ್ನೆಟ್ ಚಕ್ರ ಶಾಫ್ಟಿನ ಮೇಲೆ ಒಂದು ಸಣ್ಣ ಕೀಲಿನಿಂದ ಕೂತಿರುತ್ತದೆ. ಆ ಮ್ಯಾಗ್ನೆಟ್, ಕಿಡಿಗೆ ಕರೆಂಟು ಕೊಡುವ ಕಾಯಿಲ್ ಮುಂದೆ ಹಾದುಹೋದಾಗ ಕಿಡಿ. ಚಕ್ರವನ್ನು ಅದು ತಿರುಗುವ ದಿಕ್ಕಿಗೇ ಒಂಚೂರು ಸರಿಸಿ ಕೂರಿಸಿದರೆ ಕಿಡಿ ಬೇಗ ಬೀಳುತ್ತದೆ. ಒಂಚೂರು ಅಂದರೆ ಎಷ್ಟು? ಶಾಫ್ಟ್ 10 ಮಿಲಿಮೀಟರ್ ದಪ್ಪ ಇದ್ದರೆ ಅದರ ಮೈಮೇಲೆ 1 ಡಿಗ್ರಿ ಅಂದರೆ 0.09 ಮಿಲಿಮೀಟರಿಗೂ ಕಡಿಮೆ. ಬರೀ ಕಣ್ಣಳತೆಯಲ್ಲಿ ಆಗುವ ಕೆಲಸ ಅಲ್ಲ.

ನಾನು ಟೈಮಿಂಗ್ ಲೈಟ್ ತಂದೆ. ಬೈಕ್ ಬ್ಯಾಟರಿಗೆ ಜೋಡಿಸಿ, ಪ್ಲಗ್ ವೈರಿಗೆ ಕ್ಲಿಪ್ ಹಾಕಿದರೆ ಕಿಡಿ ಬಿದ್ದಾಗಲೆಲ್ಲ ಬೆಳಕು ಮಿಣುಕುತ್ತದೆ. ಗಿರ್ರನೆ ತಿರುಗುವ ಚಕ್ರದ ಮೇಲಿನ ಬಿಳಿ ಗೆರೆ ಆ ಬೆಳಕಿನಲ್ಲಿ ನಿಂತೇ ಇದ್ದ ಹಾಗೆ ಕಾಣುತ್ತದೆ. ಮೊದಲ ಸಲ ನೋಡಿದಾಗ ಉಸಿರು ಹಿಡಿದು ನೋಡಿದ್ದೆ. ಗೆರೆ 28 ಡಿಗ್ರಿಯ ಹತ್ತಿರ ನಿಂತಿತ್ತು. ಚಕ್ರ ಬಿಚ್ಚಿ, ಕೀಲು ಅರೆದು, ಸ್ವಲ್ಪ ಸರಿಸಿ ಕೂರಿಸಿದೆ. ಮತ್ತೆ ನೋಡಿದರೆ 28. ಇನ್ನಷ್ಟು ಸರಿಸಿದೆ. ಆಗಲೂ 28! ಮೇಜಿನ ಮೇಲೆ ಇಂಜಿನ್ ಸದ್ದು ಕಿವಿಗೆ ಹಿತವಾಗಿತ್ತು. ಮೇ ತಿಂಗಳು, ಬಿಸಿಲು 40 ಡಿಗ್ರಿ ದಾಟಿತ್ತು. ಸಂಜೆ ಕೆರೆಗೆ ಒಯ್ದೆ. ನಾಲ್ಕು ಸುತ್ತು ಬಾಣದ ಹಾಗೆ ಓಡಿದ ದೋಣಿ ಕೆರೆಯ ನಡುವೆ ಗಪ್ಪನೆ ನಿಂತಿತು.

ಪ್ಲಗ್ ಬಿಚ್ಚಿದರೆ ಅದರ ಬಿಳಿ ಪಿಂಗಾಣಿಯ ಮೇಲೆ ಗಸಗಸೆಗಿಂತ ಸಣ್ಣ ಬೆಳ್ಳಿ ಮಣಿಗಳು. ಅವು ಪಿಸ್ಟನ್ನಿನ ಅಲ್ಯೂಮಿನಿಯಂ. ಕಿಡಿ ತೀರಾ ಬೇಗ ಬಿದ್ದು, ಒಳಗಿನ ಪೆಟ್ರೋಲ್ ಒಮ್ಮೆಲೇ ಸಿಡಿಯುವ ಬಡಿತ ಶುರುವಾಗಿ, ಪಿಸ್ಟನ್ನಿನ ನೆತ್ತಿ ಕರಗಿತ್ತು.

ತಪ್ಪು ಎಲ್ಲಿತ್ತು? ಗೆರೆ ಎಳೆದದ್ದೇ ಮ್ಯಾಗ್ನೆಟ್ ಚಕ್ರದ ಮೇಲೆ. ಕಿಡಿ ಬೀಳುವಾಗ ಮ್ಯಾಗ್ನೆಟ್ ಯಾವಾಗಲೂ ಕಾಯಿಲ್ ಮುಂದೆ ಅದೇ ಜಾಗದಲ್ಲಿರುತ್ತದೆ. ಚಕ್ರವನ್ನು ಶಾಫ್ಟಿನ ಮೇಲೆ ಎಷ್ಟೇ ಸರಿಸಿದರೂ ಗೆರೆ ಅಲ್ಲೇ ತೋರುತ್ತದೆ. ಬದಲಾದದ್ದು ಪಿಸ್ಟನ್ನಿನ ಜಾಗ. ಆಮೇಲೆ ಸರಿಯಾಗಿ ಅಳೆದರೆ 38 ಡಿಗ್ರಿ ಇತ್ತು. ಇದನ್ನು ನಿಮಗೆ ಹೇಳಲೇಬೇಕು ಅಂತಲೇ ಇವತ್ತು ಬಂದಿದ್ದೇನೆ.

ಈಗ ಗೆರೆಯನ್ನು ಇಂಜಿನ್ನಿನ ಇನ್ನೊಂದು ಬದಿಯ ಕಪ್ಲಿಂಗ್, ಅಂದರೆ ಪ್ರೊಪೆಲ್ಲರ್ ಕಡೆಗೆ ಜೋಡಿಸುವ ಭಾಗದ ಮೇಲೆ ಎಳೆಯುತ್ತೇನೆ. ಅದು ಶಾಫ್ಟಿಗೇ ಬಿಗಿದಿರುತ್ತದೆ, ಸರಿಯುವುದಿಲ್ಲ. ಅದರ ಹಿಂದಿನ, ತಿರುಗದ ಪ್ಲೇಟಿಗೆ ಡಿಗ್ರಿ ಬರೆದ ಕಾಗದ ಅಂಟಿಸುತ್ತೇನೆ. ಇನ್ನು ಪಿಸ್ಟನ್ ಮೇಲಿನ ತುದಿ ಮುಟ್ಟುವ ಜಾಗ ಹುಡುಕಬೇಕು. ಹಳೆಯ ಪ್ಲಗ್ಗಿನ ಒಳಗಿನದೆಲ್ಲ ತೆಗೆದು, ತಲೆ ದುಂಡಗೆ ಮಾಡಿದ ಬೋಲ್ಟ್ ತೂರಿಸಿ ಸಿಲಿಂಡರಿಗೆ ಹಾಕಿ. ಶಾಫ್ಟನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಪಿಸ್ಟನ್ ಬೋಲ್ಟಿಗೆ ತಾಗಿ ನಿಂತಲ್ಲಿ ಗುರುತು ಮಾಡಿ. ಆಚೆ ದಿಕ್ಕಿಗೆ ತಿರುಗಿಸಿ ಇನ್ನೊಂದು ಗುರುತು. ಎರಡರ ನಟ್ಟನಡುವೆ ಸೊನ್ನೆ. ಬೋಲ್ಟ್ ಒಳಗಿರುವಾಗ ಹಗ್ಗ ಮಾತ್ರ ಎಳೆಯಬೇಡಿ.

ಇಷ್ಟೆಲ್ಲ ಮಾಡುವ ಮುಂಚೆ ಕೀಲು ನೋಡಿ. "ಅಣ್ಣಾ, ಮೊದ್ಲಿನಂಗ ಎಳೆಯವಲ್ದು" ಅಂತ ರೈತರು ತರುವ ಮಷೀನುಗಳಲ್ಲಿ ಎಷ್ಟೋ ಸಲ ಕೀಲು ಅರ್ಧ ಕತ್ತರಿಸಿ ಚಕ್ರ ತಾನೇ ಜರುಗಿರುತ್ತದೆ. ಕಾಯಿಲ್ ಮತ್ತು ಮ್ಯಾಗ್ನೆಟ್ ನಡುವೆ 0.3 ಮಿಲಿಮೀಟರ್ ಸಂದು ಇರಲಿ. ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಿದ್ದರೆ ಒಂದು ವಿಸಿಟಿಂಗ್ ಕಾರ್ಡ್ ಸಾಕು. ಚಕ್ರವನ್ನು ಸುತ್ತಿಗೆಯಿಂದ ಬಡಿದು ತೆಗೆಯಬೇಡಿ, ಪುಲ್ಲರ್ ಹಾಕಿ. ವಾಪಸ್ ಕೂರಿಸುವಾಗ ಶಾಫ್ಟಿನ ಇಳಿಜಾರು ಭಾಗದಲ್ಲಿ ಎಣ್ಣೆಯ ಹನಿಯೂ ಇರಬಾರದು. ಚಕ್ರವನ್ನು ಹಿಡಿದಿಡುವುದು ಆ ಒಣ ಬಿಗಿಯೇ. ಕೀಲಿನ ಕೆಲಸ ಜಾಗ ತೋರಿಸುವುದಷ್ಟೇ. ಇಂಜಿನ್ ಓಡುವಾಗ ಚಕ್ರದ ನೇರಕ್ಕೆ ಯಾರೂ ನಿಲ್ಲಬೇಡಿ, ಮಕ್ಕಳಂತೂ ಬೇಡವೇ ಬೇಡ.

ಸರಿಸುವುದಾದರೆ ಒಂದು ಸಲಕ್ಕೆ 2 ಡಿಗ್ರಿ, ಅಷ್ಟೇ. ಆಮೇಲೆ ಕೆರೆಗೆ ಒಯ್ದು ನೋಡಿ. ಪ್ರೊಪೆಲ್ಲರ್ ನೀರನ್ನು ತಳ್ಳುವಾಗ ಬೀಳುವ ಭಾರ ಮೇಜಿನ ಮೇಲೆ ಸಿಗುವುದಿಲ್ಲ. ಕಿಡಿ ತಡವಾದರೆ ಇಂಜಿನ್ ಮಂಕಾಗಿ ಸೈಲೆನ್ಸರ್ ಜಾಸ್ತಿ ಕಾಯುತ್ತದೆ. ಬೇಗವಾದರೆ ಸಿಲಿಂಡರಿನ ತಲೆ ಕಾಯುತ್ತದೆ, ಹಗ್ಗ ಕೈಗೆ ಹೊಡೆಯುತ್ತದೆ. ನಮ್ಮ ಬೇಸಿಗೆಯಲ್ಲಿ ನಾನು ಕಿಡಿಯನ್ನು 2 ಡಿಗ್ರಿ ತಡವಾಗಿಯೇ ಇಡುತ್ತೇನೆ.

ಹೊಸ ಪಿಸ್ಟನ್ ಹಾಕಿದ ಅದೇ ದೋಣಿ ಈಗ 30 ಡಿಗ್ರಿಯಲ್ಲಿ ಓಡುತ್ತಿದೆ. ಕಳೆದ ಭಾನುವಾರ ಹತ್ತು ಸುತ್ತು ಓಡಿಸಿ, ದಡದಲ್ಲೇ ಕೂತು ಪ್ಲಗ್ ಬಿಚ್ಚಿದೆ. ಪಿಂಗಾಣಿ ಬಿಸ್ಕೆಟ್ ಬಣ್ಣಕ್ಕಿತ್ತು. ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಒಂದೂ ಮಣಿ ಇರಲಿಲ್ಲ.

ನಮಸ್ಕಾರ.