ನೆಲಮಾಳಿಗೆಯಲ್ಲಿ ದನಿ ತಗ್ಗಿಸಿ ಹಾಡಿದವರು

ಎಲ್ಲರಿಗೂ ನಮಸ್ಕಾರ.

1967ರಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಮತ್ತು ಅವನ ನಾಲ್ವರು ಗೆಳೆಯರು ಒಂದು ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಹಾಡಿಕೊಂಡು ಕೂತಿದ್ದರು. ಪಕ್ಕದಲ್ಲಿ ಒಂದು ಟೇಪ್ ರೆಕಾರ್ಡರ್ ಓಡುತ್ತಿತ್ತು. ಆ ಟೇಪುಗಳಿಗೆ ಈಗ ‘ಬೇಸ್‌ಮೆಂಟ್ ಟೇಪ್ಸ್’ ಅನ್ನುತ್ತಾರೆ. ಅಮೆರಿಕದ ಫೋಕ್ ರಾಕ್‌ನಲ್ಲಿ, ಅಂದರೆ ಜಾನಪದವೂ ರಾಕ್ ಸಂಗೀತವೂ ಬೆರೆತ ಹಾಡುಗಳಲ್ಲಿ, ನನಗೆ ಇದಕ್ಕಿಂತ ಪ್ರೀತಿಯ ಸಂಗೀತ ಇನ್ನೊಂದಿಲ್ಲ. ಯಾಕೆ ಅಂತ ಹೇಳೋದಕ್ಕೇ ಇವತ್ತು ಬಂದಿದ್ದೇನೆ.

ಒಂದು ವರ್ಷ ಹಿಂದೆ ಹೋಗೋಣ. 1966. ಡಿಲನ್ ಆಗ ದೇಶದೇಶ ಸುತ್ತುತ್ತಿದ್ದ. ಕಾರ್ಯಕ್ರಮದ ಮೊದಲರ್ಧ ಒಬ್ಬನೇ ಗಿಟಾರ್ ಹಿಡಿದು ಹಾಡುತ್ತಿದ್ದ, ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಎರಡನೇ ಅರ್ಧದಲ್ಲಿ ‘ಹಾಕ್ಸ್’ ಅನ್ನುವ ತಂಡ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್, ಆರ್ಗನ್ ಜೊತೆ ವೇದಿಕೆಗೆ ಬರುತ್ತಿತ್ತು, ಗಲಾಟೆ ಶುರುವಾಗುತ್ತಿತ್ತು. ಜಾನಪದ ಹಾಡುಗಾರ ಕರೆಂಟಿಗೆ ಕೈ ಹಾಕಿದ, ನಮಗೆ ಮೋಸ ಮಾಡಿದ ಅಂತ ಅಭಿಮಾನಿಗಳಿಗೆ ಸಿಟ್ಟು. ಮೇ 17ರಂದು ಮ್ಯಾಂಚೆಸ್ಟರ್‌ನ ಫ್ರೀ ಟ್ರೇಡ್ ಹಾಲ್‌ನಲ್ಲಿ ಒಬ್ಬ ಎದ್ದು ‘ಜೂಡಾಸ್!’ ಅಂತ ಕೂಗಿದ. ಏಸುವನ್ನು ಹಿಡಿದುಕೊಟ್ಟವನ ಹೆಸರದು. ಡಿಲನ್ ತನ್ನ ತಂಡದ ಕಡೆ ತಿರುಗಿ, ಇನ್ನೂ ಜೋರಾಗಿ ಬಾರಿಸಿ ಅಂದ. ಬಾರಿಸಿದರು. ಆ ರೆಕಾರ್ಡಿಂಗ್ ಈಗಲೂ ಸಿಗುತ್ತದೆ. ಕೇಳಿ, ಬೆಂಕಿ ಹಾಗಿದೆ. ಆದರೆ ದಿನಾ ರಾತ್ರಿ ಹೀಗೆ ಬೈಸಿಕೊಳ್ಳುತ್ತಾ ಎಷ್ಟು ದಿನ ಹಾಡೋಕಾಗುತ್ತೆ? ಹಾಕ್ಸ್‌ನ ಡ್ರಮ್ಮರ್ ಲೀವನ್ ಹೆಲ್ಮ್ ಅಂತೂ 1965ರ ಕೊನೆಗೇ ಬೇಸತ್ತು ಬಿಟ್ಟುಹೋಗಿ, ಗಲ್ಫ್ ಆಫ್ ಮೆಕ್ಸಿಕೋದಲ್ಲಿ ಎಣ್ಣೆ ಬಾವಿಯ ಕೆಲಸಕ್ಕೆ ಸೇರಿಕೊಂಡಿದ್ದ.

1966ರ ಜುಲೈ 29ಕ್ಕೆ ಡಿಲನ್‌ಗೆ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಹತ್ತಿರ ಮೋಟಾರ್‌ಬೈಕ್ ಅಪಘಾತವಾಯಿತು. ಮುಂದಿನ ಕಾರ್ಯಕ್ರಮಗಳೆಲ್ಲ ರದ್ದು. ಅವನು ಹೆಂಡತಿ ಮಕ್ಕಳ ಜೊತೆ ಮನೆಯಲ್ಲೇ ಉಳಿದ. ಹಾಕ್ಸ್ ಹುಡುಗರೂ ಅದೇ ಕಡೆ ಬಂದರು. ರಿಕ್ ಡ್ಯಾಂಕೊ, ರಿಚರ್ಡ್ ಮ್ಯಾನುಯೆಲ್, ಗಾರ್ತ್ ಹಡ್ಸನ್ ಮೂವರೂ ಸೇರಿ ವೆಸ್ಟ್ ಸಾಗರ್ಟೀಸ್ ಅನ್ನುವಲ್ಲಿ ಗುಲಾಬಿ ಬಣ್ಣದ ಒಂದು ಮನೆ ಬಾಡಿಗೆಗೆ ಹಿಡಿದರು. ಅದಕ್ಕೆ ‘ಬಿಗ್ ಪಿಂಕ್’ ಅಂತ ಹೆಸರು. ಹಾಕ್ಸ್‌ನ ಗಿಟಾರ್ ವಾದಕ ರಾಬಿ ರಾಬರ್ಟ್‌ಸನ್ ಹತ್ತಿರದಲ್ಲೇ ಇದ್ದ. ಮೊದಮೊದಲು ಡಿಲನ್ ಮನೆಯಲ್ಲೇ ಹಾಡಲು ಸೇರುತ್ತಿದ್ದರು, ಆಮೇಲೆ ಬಿಗ್ ಪಿಂಕ್‌ನ ನೆಲಮಾಳಿಗೆಗೆ ಬಂದರು. ಟೇಪ್ ರೆಕಾರ್ಡರ್ ಮತ್ತು ಮಿಕ್ಸರುಗಳು ಡಿಲನ್‌ನ ಮ್ಯಾನೇಜರ್ ಆಲ್ಬರ್ಟ್ ಗ್ರಾಸ್‌ಮನ್‌ದು. ಮೈಕುಗಳು ಪೀಟರ್, ಪಾಲ್ ಅಂಡ್ ಮೇರಿ ತಂಡದಿಂದ ತಂದವು. ಗುಂಡಿ ಒತ್ತುವುದು, ಟೇಪು ಬದಲಿಸುವುದು, ಯಾವ ಮೈಕು ಎಲ್ಲಿರಬೇಕು ಅಂತ ನೋಡುವುದು, ಇದೆಲ್ಲ ಗಾರ್ತ್ ಹಡ್ಸನ್ ಕೆಲಸ. ಅವನು ಜೊತೆಗೆ ಆರ್ಗನ್ನೂ ನುಡಿಸಬೇಕಿತ್ತು! ಈ ಮನುಷ್ಯನಿಗೆ ನಾವು ಕೊಡಬೇಕಾದಷ್ಟು ಗೌರವ ಕೊಟ್ಟಿಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಅವನು ಗುಂಡಿ ಒತ್ತದೆ ಹೋಗಿದ್ದರೆ ಇವತ್ತು ಈ ಭಾಷಣವೇ ಇಲ್ಲ. ಅವನು ತೀರಿಕೊಂಡದ್ದು 2025ರ ಜನವರಿಯಲ್ಲಿ, ಆ ತಂಡದಲ್ಲಿ ಕೊನೆಯವರೆಗೆ ಉಳಿದಿದ್ದವನು ಅವನೊಬ್ಬನೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ನೆಲಮಾಳಿಗೆ ರೆಕಾರ್ಡಿಂಗಿಗೆ ಲಾಯಕ್ಕಾದ ಜಾಗವೇ ಅಲ್ಲ. ಸಿಮೆಂಟ್ ನೆಲ, ಸಿಮೆಂಟ್ ಇಟ್ಟಿಗೆಯ ಗೋಡೆ, ಮಧ್ಯೆ ಮನೆ ಬೆಚ್ಚಗಿಡುವ ದೊಡ್ಡ ಕಬ್ಬಿಣದ ಒಲೆ. ಸದ್ದು ಎಲ್ಲಾ ಕಡೆ ಬಡಿದು ವಾಪಸ್ ಕಿವಿಗೇ ಬರುತ್ತದೆ. ಅಲ್ಲಿ ಜೋರಾಗಿ ಬಾರಿಸಿದರೆ ಸಹಿಸೋಕೇ ಆಗಲ್ಲ. ಹಾಗಾಗಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ವೃತ್ತವಾಗಿ ಕೂತರು. ಹಾಡುವವನ ದನಿ ಕೇಳಿಸದಿದ್ದರೆ ನೀನು ಜಾಸ್ತಿ ಜೋರಾಗಿ ನುಡಿಸುತ್ತಿದ್ದೀಯ ಅಂತ ಅರ್ಥ. ಅಲ್ಲಿದ್ದ ನಿಯಮ ಇಷ್ಟೇ ಅಂತ ರಾಬರ್ಟ್‌ಸನ್ ಆಮೇಲೆ ನೆನಪಿಸಿಕೊಂಡಿದ್ದಾನೆ. ಡ್ರಮ್ಮರ್ ಬೇರೆ ಇರಲಿಲ್ಲ. ಬೇಕಾದಾಗ ರಿಚರ್ಡ್ ಮ್ಯಾನುಯೆಲ್ ಪಿಯಾನೋ ಬಿಟ್ಟು ಡ್ರಮ್ಸ್ ಹತ್ತಿರ ಹೋಗುತ್ತಿದ್ದ, ಬೇಡವಾದಾಗ ಡ್ರಮ್ಸೇ ಇಲ್ಲ.

ಇನ್ನೂ ಜೋರಾಗಿ ಅಂತ ಮ್ಯಾಂಚೆಸ್ಟರ್‌ನಲ್ಲಿ ಕೂಗಿದ ಅದೇ ಜನ ಒಂದೇ ವರ್ಷದಲ್ಲಿ ಇಷ್ಟು ಮೆತ್ತಗಾದರು. ನನ್ನ ಪ್ರಕಾರ ಬೇಸ್‌ಮೆಂಟ್ ಟೇಪ್ಸ್‌ನ ಗುಟ್ಟು ಇದರಲ್ಲೇ ಇದೆ. ದನಿ ತಗ್ಗಿದ ಕೂಡಲೇ ಒಬ್ಬರಿಗೊಬ್ಬರು ಕೇಳಿಸತೊಡಗಿದರು. ಡ್ಯಾಂಕೊ, ಮ್ಯಾನುಯೆಲ್ ಎಲ್ಲೋ ಹಿಂದಿನಿಂದ ಎತ್ತರದ ಸ್ವರದಲ್ಲಿ ದನಿ ಸೇರಿಸುತ್ತಾರಲ್ಲ, ಅದು ದೊಡ್ಡ ಸಭಾಂಗಣದಲ್ಲಿ ಹುಟ್ಟುವಂಥದ್ದಲ್ಲ.

ಹಾಡಿದ್ದೇನು? ಶುರುವಿನಲ್ಲಿ ಬರೀ ಹಳೆಯ ಹಾಡುಗಳು. ತಿಮಿಂಗಿಲ ಬೇಟೆಯ ಹಡಗಿನ ಹಾಡು, ಐರ್ಲೆಂಡಿನ ಜೈಲು ಹಾಡು, ಜಾನಿ ಕ್ಯಾಶ್, ಹ್ಯಾಂಕ್ ವಿಲಿಯಮ್ಸ್, ಜಾನ್ ಲೀ ಹೂಕರ್, ಕರ್ಟಿಸ್ ಮೇಫೀಲ್ಡ್, ಕೆನಡಾದ ಇಯಾನ್ ಅಂಡ್ ಸಿಲ್ವಿಯಾ, ಇಂಥ ಗಾಯಕರ ಹಾಡುಗಳು. ನೆನಪಿದ್ದಷ್ಟು ಹಾಡುವುದು, ಮರೆತಲ್ಲಿ ಬಾಯಿಗೆ ಬಂದದ್ದು ಸೇರಿಸುವುದು, ನಗುವುದು. ಹಾಕ್ಸ್ ಹುಡುಗರು ರಾಕ್ ಅಂಡ್ ರೋಲ್ ಕಡೆಯವರು, ಈ ಜಾನಪದದಲ್ಲಿ ಬಹಳಷ್ಟು ಅವರಿಗೆ ಹೊಸದು. ಸ್ವಲ್ಪ ದಿನಕ್ಕೆ ಡಿಲನ್ ಹಾಡುತ್ತಿರುವುದು ಹಳೆಯದೋ, ಅವನೇ ಬರೆದದ್ದೋ ಅಂತ ಅವರಿಗೆ ಗೊತ್ತಾಗುವುದೇ ನಿಂತುಹೋಯಿತು. ಎಂಥಾ ಮಾತು ನೋಡಿ! ಇಪ್ಪತ್ತಾರು ವರ್ಷದ ಒಬ್ಬ ಹುಡುಗ ಇವತ್ತು ಬೆಳಿಗ್ಗೆ ಬರೆದ ಹಾಡು ನೂರು ವರ್ಷದಿಂದ ಬಾಯಿಂದ ಬಾಯಿಗೆ ಬಂದ ಹಾಗೆ ಕೇಳಿಸುತ್ತಿತ್ತು.

ಬರೆಯುವ ರೀತಿಯೂ ಹಾಗೇ. ಮೇಲೆ ಟೈಪ್‌ರೈಟರ್ ಇತ್ತು. ಡಿಲನ್ ಟಕಟಕ ಅಂತ ಕುಟ್ಟಿ, ಹಾಳೆ ಹಿಡಿದು ಕೆಳಗೆ ಬರುತ್ತಿದ್ದ. ಒಂದು ದಿನ ಹಾಗೆ ತಂದ ಹಾಳೆಯನ್ನು ಮ್ಯಾನುಯೆಲ್ ಕೈಗಿಟ್ಟು, ಇದಕ್ಕೇನಾದರೂ ರಾಗ ಇದೆಯಾ ಅಂತ ಕೇಳಿದ. ‘ಟಿಯರ್ಸ್ ಆಫ್ ರೇಜ್’ ಹುಟ್ಟಿದ್ದು ಹೀಗೆ. ‘ದಿಸ್ ವೀಲ್ಸ್ ಆನ್ ಫೈರ್’ಗೆ ಡ್ಯಾಂಕೊ ರಾಗ ಹಾಕಿದ. ‘ಐ ಆಮ್ ನಾಟ್ ದೇರ್’ ಅಂತ ಒಂದು ಹಾಡಿದೆ. ಅದರ ಅರ್ಧಕ್ಕರ್ಧ ಸಾಲುಗಳಲ್ಲಿ ಅರ್ಥವಾಗುವ ಪದಗಳೇ ಇಲ್ಲ, ಬಾಯಿ ಸುಮ್ನೆ ರಾಗದ ಹಿಂದೆ ಹೋಗುತ್ತಿದೆ. ಹಾಡು ಪೂರ್ತಿಯಾಗಿಲ್ಲ. ಆದರೂ ಅದನ್ನು ಕೇಳುವಾಗ ನನಗೆ ಗಂಟಲು ಕಟ್ಟುತ್ತದೆ. ಸ್ಟುಡಿಯೋದಲ್ಲಾದರೆ ಯಾರಾದರೂ ನಿಲ್ಲಿಸಿ, ಮೊದಲು ಸಾಹಿತ್ಯ ಮುಗಿಸಿಕೊಂಡು ಬನ್ನಿ ಅನ್ನುತ್ತಿದ್ದರು.

ಸುಮ್ಮನೆ ಖುಷಿಗೆ ಹಾಡಿದ್ದು ಅಂತ ಮಾತ್ರ ಹೇಳಿಬಿಟ್ಟರೆ ಅದು ಪೂರ್ತಿ ನಿಜವಲ್ಲ. ಹೊಸ ಹಾಡುಗಳನ್ನು ಬೇರೆ ಗಾಯಕರಿಗೆ ಕೊಡುವುದು ಗ್ರಾಸ್‌ಮನ್ ಲೆಕ್ಕಾಚಾರ. 14 ಹಾಡುಗಳ ಮಾದರಿ ಪ್ರತಿಗಳು ಕೈಯಿಂದ ಕೈಗೆ ಹೋದವು. ಪೀಟರ್, ಪಾಲ್ ಅಂಡ್ ಮೇರಿ ಒಂದು ಹಾಡಿದರು. ಮ್ಯಾನ್‌ಫ್ರೆಡ್ ಮ್ಯಾನ್ ತಂಡ ಹಾಡಿದ ‘ಮೈಟಿ ಕ್ವಿನ್’ 1968ರಲ್ಲಿ ಬ್ರಿಟನ್ನಿನ ಹಿಟ್ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಬರ್ಡ್ಸ್ ತಂಡ ಎರಡು ಹಾಡು ತಗೊಂಡಿತು. 1969ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಯಾರೋ ಈ ಹಾಡುಗಳಲ್ಲಿ ಕೆಲವನ್ನೂ ಸೇರಿಸಿ ಬರೀ ಬಿಳಿ ರಟ್ಟಿನಲ್ಲಿ ಕಳ್ಳ ಎಲ್‌ಪಿ ಹೊರಗೆ ಬಿಟ್ಟರು, ‘ಗ್ರೇಟ್ ವೈಟ್ ವಂಡರ್’ ಅಂತ ಅದು ಹೆಸರಾಯಿತು. ರಾಕ್ ಸಂಗೀತದ ಬೂಟ್‌ಲೆಗ್, ಅಂದರೆ ಕಳ್ಳ ರೆಕಾರ್ಡುಗಳ ವ್ಯಾಪಾರ ಶುರುವಾದದ್ದೇ ಅಲ್ಲಿಂದ.

ಇಲ್ಲಿ ನಮ್ಮ ದೇಶದವರೂ ಬರುತ್ತಾರೆ. ಗ್ರಾಸ್‌ಮನ್ ಬಂಗಾಳದ ಬಾವುಲ್ ಗಾಯಕರನ್ನು ಅಮೆರಿಕಕ್ಕೆ ಕರೆಸಿಕೊಂಡಿದ್ದ. ಬಾವುಲರು ಅಂದರೆ ನಮ್ಮ ತತ್ವಪದದವರ ಹಾಗೆ, ಏಕತಾರಿ ಹಿಡಿದು ಊರೂರು ತಿರುಗಿ ದೇಹ, ದೇವರು, ಗುರು ಅಂತ ಹಾಡುವವರು. ಪೂರ್ಣದಾಸ್, ಲಕ್ಷ್ಮಣದಾಸ್ ಮತ್ತು ಜೊತೆಯವರು ಅದೇ ಬಿಗ್ ಪಿಂಕ್ ನೆಲಮಾಳಿಗೆಯಲ್ಲಿ ಹಾಡಿದರು, ಅದನ್ನೂ ಗಾರ್ತ್ ಹಡ್ಸನ್ನೇ ರೆಕಾರ್ಡ್ ಮಾಡಿದ. ಅದು ಆಮೇಲೆ ಎಲ್‌ಪಿಯಾಗಿ ಬಂತು. ಡಿಲನ್ ಆ ವರ್ಷದ ಕೊನೆಗೆ ತಂದ ‘ಜಾನ್ ವೆಸ್ಲಿ ಹಾರ್ಡಿಂಗ್’ ಆಲ್ಬಮ್ಮಿನ ಮುಖಪುಟ ನೋಡಿ. ಅವನ ಅಕ್ಕಪಕ್ಕ ನಿಂತವರು ಇವರಿಬ್ಬರೇ. ಆ ಆಲ್ಬಮ್ಮಿನಲ್ಲಿ ನೆಲಮಾಳಿಗೆಯ ಒಂದು ಹಾಡನ್ನೂ ಅವನು ಹಾಕಲಿಲ್ಲ. ಅಷ್ಟೂ ಹೊಸದಾಗಿ ನ್ಯಾಶ್‌ವಿಲ್‌ನಲ್ಲಿ ಹಾಡಿದ. ಇತ್ತ ಲೀವನ್ ಹೆಲ್ಮ್ ವಾಪಸ್ ಬಂದ, ಹಾಕ್ಸ್ ‘ದ ಬ್ಯಾಂಡ್’ ಆಯಿತು, 1968ರಲ್ಲಿ ‘ಮ್ಯೂಸಿಕ್ ಫ್ರಮ್ ಬಿಗ್ ಪಿಂಕ್’ ಬಂತು. ಅದು ರೆಕಾರ್ಡ್ ಆದದ್ದು ಸ್ಟುಡಿಯೋಗಳಲ್ಲಿ, ಆದರೆ ನುಡಿಸುವ ರೀತಿ ನೆಲಮಾಳಿಗೆಯದೇ.

ಅಧಿಕೃತ ‘ಬೇಸ್‌ಮೆಂಟ್ ಟೇಪ್ಸ್’ ಬಂದದ್ದು 1975ರ ಜೂನ್‌ನಲ್ಲಿ. ಎರಡು ಎಲ್‌ಪಿ, 24 ಹಾಡು. ಎಲ್ಲರೂ ಹೊಗಳಿದರು. ನನಗೂ ಇಷ್ಟವೇ, ಆದರೆ ಒಂದು ತಕರಾರಿದೆ. 24ರಲ್ಲಿ 8 ದ ಬ್ಯಾಂಡ್‌ನವು, ಅವುಗಳಲ್ಲಿ ಕೆಲವು ಆ ನೆಲಮಾಳಿಗೆಯಲ್ಲಿ ಹಾಡಿದವೇ ಅಲ್ಲ. ಕೆಲವು ಹಾಡುಗಳ ಮೇಲೆ 1975ರಲ್ಲಿ ಹೊಸದಾಗಿ ವಾದ್ಯ ಸೇರಿಸಿದರು. ‘ಐ ಶಲ್ ಬಿ ರಿಲೀಸ್ಡ್’ ಇಲ್ಲ, ‘ಐ ಆಮ್ ನಾಟ್ ದೇರ್’ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಡಿಲನ್ ಹಾಡಿದ 16ರಲ್ಲಿ ಹಳೆಯ ಹಾಡು ಒಂದೂ ಇಲ್ಲ. ಹೊಸ ಹಾಡುಗಳು ಯಾವುದರಿಂದ ಹುಟ್ಟಿದವೋ ಅದನ್ನೇ ಕತ್ತರಿಸಿ ಹೊರಗಿಟ್ಟರು. ಆ ಹಳೆಯ ಹಾಡುಗಳು ಅಧಿಕೃತವಾಗಿ ನಮ್ಮ ಕೈಗೆ ಬಂದದ್ದು 2014ರಲ್ಲಿ, ಟೇಪುಗಳನ್ನು ಶುದ್ಧಮಾಡಿ ಆರು ಸಿ.ಡಿ.ಗಳಲ್ಲಿ ಪೂರ್ತಿ ಹೊರತಂದಾಗ. ಹಾಡುಗಳ ಬೇರೆ ಬೇರೆ ಪ್ರಯತ್ನಗಳೂ ಸೇರಿ 138 ಇವೆ.

ಹೊಸಬರು ಎಲ್ಲಿಂದ ಶುರುಮಾಡಬೇಕು ಅಂತ ಕೇಳಿದರೆ ನಾನು ಈ ಆರು ಸಿ.ಡಿ.ಗಳ ಮೊದಲನೆಯದರಿಂದಲೇ ಅನ್ನುತ್ತೇನೆ, ಹಿಟ್ ಹಾಡುಗಳನ್ನು ಹುಡುಕಿಕೊಂಡು ಮುಂದಕ್ಕೆ ಹಾರಬೇಡಿ. ಹಳೆಯ ಹಾಡುಗಳು ಮೊದಲು ಕಿವಿಗೆ ಬೀಳಲಿ, ಆಮೇಲೆ ‘ಟಿಯರ್ಸ್ ಆಫ್ ರೇಜ್’ ಬಂದಾಗ ಅದು ಎಲ್ಲಿಂದ ಬಂತು ಅಂತ ನಿಮಗೇ ಗೊತ್ತಾಗುತ್ತದೆ. ಆರನೆಯದರಲ್ಲಿ ಧ್ವನಿಯ ಗುಣಮಟ್ಟ ಸ್ವಲ್ಪ ಕಡಿಮೆ, ಅದನ್ನು ಕೊನೆಗಿಟ್ಟುಕೊಳ್ಳಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.