ಮೊದಲ ದಿನದ ಸುದ್ದಿ

ಕೇಳುಗರಿಗೆ ನಮಸ್ಕಾರ.

2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಹೊರ ವರ್ತುಲ ರಸ್ತೆಯಲ್ಲಿ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ಕುಟುಂಬವೊಂದರ ಮೇಲೆ ಮೆಟ್ರೊ ಕಾಮಗಾರಿಯ ಭಾಗ ಉರುಳಿ ಬಿತ್ತು. ತಾಯಿಯೂ ಅವರ ಪುಟ್ಟ ಮಗನೂ ತೀರಿಕೊಂಡರು. ಅಂದು ಎಲ್ಲೆಡೆ ಹರಡಿದ ತಲೆಬರಹ ‘ಮೆಟ್ರೊ ಪಿಲ್ಲರ್ ಕುಸಿತ’. ಅಲ್ಲಿ ಪಿಲ್ಲರ್ ಇನ್ನೂ ಆಗಿರಲೇ ಇಲ್ಲ. ಕಾಂಕ್ರೀಟ್ ಸುರಿಯುವ ಮೊದಲು ಎತ್ತರಕ್ಕೆ ಕಟ್ಟಿ ನಿಲ್ಲಿಸಿದ್ದ ಕಬ್ಬಿಣದ ಕಂಬಿಗಳ ಹಂದರ ವಾಲಿ ರಸ್ತೆಗೆ ಬಿದ್ದಿತ್ತು.

ಜೀವವೇ ಹೋದಮೇಲೆ ಬಿದ್ದದ್ದು ಕಂಬವಾದರೇನು, ಕಂಬಿಯಾದರೇನು ಎಂದು ಯಾರಾದರೂ ಕೇಳಬಹುದು. ಕಂಬ ಬಿದ್ದಿದ್ದರೆ ಪಾಯ, ವಿನ್ಯಾಸ, ಕಾಂಕ್ರೀಟಿನ ಗುಣ ಇವುಗಳ ಮೇಲೆ ಅನುಮಾನ ಹುಟ್ಟುತ್ತದೆ; ಆ ಮಾರ್ಗದಲ್ಲಿ ಆಗಲೇ ಎದ್ದು ನಿಂತಿರುವ ಕಂಬಗಳ ಕೆಳಗೆ ಓಡಾಡಲು ಜನ ಹೆದರುತ್ತಾರೆ. ಹಂದರ ಬಿದ್ದಿದೆ ಎಂದರೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಅದನ್ನು ಯಾವುದರಿಂದ ಬಿಗಿದು ನಿಲ್ಲಿಸಿದ್ದರು? ಬಿಗಿದದ್ದನ್ನು ಪರೀಕ್ಷಿಸಿದವರು ಯಾರು? ಅದರ ಪಕ್ಕದಲ್ಲೇ ವಾಹನ ಸಂಚಾರಕ್ಕೆ ಬಿಟ್ಟವರು ಯಾರು? ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ತನಿಖೆ ನಡೆಸಿದಾಗ ಎದ್ದು ಬಂದದ್ದು ಆಧಾರದ ಕೊರತೆಯ ಮಾತೇ. ಅಂದರೆ ತಪ್ಪು ತಲೆಬರಹ ಓದಿದವರು ತಪ್ಪು ಜಾಗದಲ್ಲಿ ದೋಷ ಹುಡುಕುತ್ತಿದ್ದರು.

ಕಟ್ಟಡ ಕಾಮಗಾರಿಯ ಸುದ್ದಿಯಲ್ಲಿ ಏನಾಯಿತು ಎಂಬುದು ಮೊದಲ ದಿನವೇ ಕಣ್ಣಿಗೆ ಕಾಣುತ್ತದೆ. ಏಕಾಯಿತು ಎಂಬುದು ಕಾಣುವುದಿಲ್ಲ. ನಮ್ಮ ಸುದ್ದಿಮನೆಗಳಿಗೆ ಎರಡನೆಯದರ ಮೇಲೆಯೇ ಆತುರ.

2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡ ನೆಲಸಮವಾಗಿ 9 ಮಂದಿ ಸತ್ತರು. ಅಂದು ನಗರದಲ್ಲಿ ಭಾರೀ ಮಳೆ. ಕಟ್ಟಡ ಮಳೆಗೆ ಕುಸಿಯಿತು ಎಂದು ಬರೆಯುವುದು ಬಹಳ ಸುಲಭವಾಗಿತ್ತು. ಅದೇ ಮಳೆಯಲ್ಲಿ ಅಕ್ಕಪಕ್ಕದ ಕಟ್ಟಡಗಳು ನಿಂತೇ ಇದ್ದವು. ಮಂಜೂರಾದುದಕ್ಕಿಂತ ಹೆಚ್ಚು ಮಹಡಿ ಏರಿಸಿದ್ದರು ಎಂದು ಅಧಿಕಾರಿಗಳು ಹೇಳಿದ ಮೇಲೆ ಮಳೆ ಹಿಂದೆ ಸರಿಯಿತು. ಮಳೆಯ ಮೇಲೆ ಹೊರಿಸಿದ ತಪ್ಪಿನಿಂದ ಲಾಭವಾಗುವುದು ಕಟ್ಟಿಸಿದವರಿಗೆ ಮತ್ತು ಕಟ್ಟುವುದನ್ನು ನೋಡಿಯೂ ಸುಮ್ಮನಿದ್ದವರಿಗೆ. ಮಳೆ ನ್ಯಾಯಾಲಯಕ್ಕೆ ಬರುವುದಿಲ್ಲವಲ್ಲ.

ಇನ್ನು ‘ಕಳಪೆ ಕಾಮಗಾರಿ’ ಎಂಬ ಆರೋಪ. ಅವಶೇಷದ ಮುಂದೆ ನಿಂತ ಯಾರಾದರೊಬ್ಬರು ಅದನ್ನು ಹೇಳಿಯೇ ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಕೈಯಲ್ಲಿ ಉಜ್ಜಿದರೆ ಕಾಂಕ್ರೀಟ್ ಪುಡಿಯಾಗುವುದನ್ನು ಕ್ಯಾಮೆರಾದ ಮುಂದೆ ತೋರಿಸುವುದೂ ಉಂಟು. ಅದು ಗೋಡೆಯ ಗಾರೆಯೋ ತೊಲೆಯ ಕಾಂಕ್ರೀಟೋ ಎಂದು ವಿಚಾರಿಸುವವರು ಕಡಿಮೆ. ನಿಜವಾದ ಪರೀಕ್ಷೆ ನಿಧಾನದ್ದು. ಹೊಸ ಕಾಂಕ್ರೀಟಿನ ಬಲವನ್ನು ಅಳೆಯಲು 150 ಮಿಲಿಮೀಟರ್ ಅಳತೆಯ ಘನಗಳನ್ನು ಎರೆದು, 28 ದಿನ ನೀರುಣಿಸಿ, ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಎಂ 25 ಎಂದರೆ ಹಾಗೆ ಒಡೆಯುವಾಗ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಡೆಯಬೇಕಾದ ಕಾಂಕ್ರೀಟ್. ಕಟ್ಟಿ ಮುಗಿದ ಕಟ್ಟಡವಾದರೆ ಗಟ್ಟಿಯಾದ ಕಾಂಕ್ರೀಟಿನಿಂದಲೇ ಉರುಳೆಯಾಕಾರದ ತುಂಡುಗಳನ್ನು ಕೊರೆದು ತೆಗೆದು ಪ್ರಯೋಗಾಲಯಕ್ಕೆ ಒಯ್ಯುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಹಾಗೆ ಕೊರೆದು ತೆಗೆದ ತುಂಡುಗಳ ಸರಾಸರಿ ಬಲ, ನಿಗದಿಯಾದ ಬಲದ ಶೇಕಡ 85ರಷ್ಟಿದ್ದು, ಯಾವ ತುಂಡೂ ಶೇಕಡ 75ಕ್ಕಿಂತ ಕೆಳಗಿಳಿಯದಿದ್ದರೆ ಅದನ್ನು ಒಪ್ಪಬಹುದು ಎಂದು ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಎಂ 25ರ ಲೆಕ್ಕದಲ್ಲಿ ಸರಾಸರಿ 21.25 ಬಂದರೂ ಸಾಕು. ಇದನ್ನು ತಿಳಿಯದ ವರದಿಗಾರನ ಕೈಗೆ ‘ಸರಾಸರಿ 22’ ಎಂಬ ವರದಿ ಸಿಕ್ಕಿತೆನ್ನಿ. ಬೇಕಾದದ್ದು 25, ಸಿಕ್ಕಿದ್ದು 22, ಹಗರಣ ಬಯಲು! ಗುತ್ತಿಗೆದಾರನ ಮೇಲೆ ನನಗೆ ವಿಶೇಷ ಮಮಕಾರವೇನೂ ಇಲ್ಲ. ಆದರೆ ಸುಳ್ಳು ಆರೋಪದಿಂದ ಅವನು ಒಮ್ಮೆ ಪಾರಾದರೆ, ಮುಂದೆ ನಿಜವಾದ ಆರೋಪ ಬಂದಾಗಲೂ ಪತ್ರಿಕೆಯವರು ಹೀಗೇ ಬರೆಯುತ್ತಾರೆ ಎಂದು ಕೈಕೊಡವಿಕೊಳ್ಳುತ್ತಾನೆ.

ಹಣದ ವಿಷಯದಲ್ಲೂ ಇದೇ ಕಥೆ. ಇಲಾಖೆಯ ಅಂದಾಜು, ಟೆಂಡರಿಗೆ ಇಟ್ಟ ಮೊತ್ತ, ಗುತ್ತಿಗೆಗೆ ಒಪ್ಪಿದ ಮೊತ್ತ, ಕೊನೆಗೆ ಪಾವತಿಯಾದ ಬಿಲ್ಲು ಇವೆಲ್ಲ ಬೇರೆ ಬೇರೆ ಅಂಕಿಗಳು. ಸುದ್ದಿಯಲ್ಲಿ ಎಲ್ಲದಕ್ಕೂ ‘ವೆಚ್ಚ’ ಎಂಬ ಒಂದೇ ಹೆಸರು. ನಮ್ಮ ಮೆಟ್ರೊದ ಮೊದಲ ಹಂತ 6,395 ಕೋಟಿ ರೂಪಾಯಿಯ ಅಂದಾಜಿನಿಂದ ಹೊರಟು, 2017ರಲ್ಲಿ ಮುಗಿಯುವ ಹೊತ್ತಿಗೆ ಅದರ ಎರಡು ಪಟ್ಟನ್ನೂ ಮೀರಿತ್ತು. ಇದು ನಿಜ, ಬರೆಯಲೇಬೇಕಾದದ್ದು. ಆದರೆ ಮೊದಲ ಅಂದಾಜು ಸುಮಾರು 33 ಕಿಲೋಮೀಟರ್ ಮಾರ್ಗದ್ದು, ಮುಗಿದದ್ದು 42.3 ಕಿಲೋಮೀಟರ್ ಎಂಬ ಸಾಲನ್ನು ಬಿಟ್ಟರೆ ಓದುಗನಿಗೆ ಅರ್ಧ ಲೆಕ್ಕ ಮಾತ್ರ ಸಿಕ್ಕಂತಾಗುತ್ತದೆ. ಆ ಸಾಲು ಸೇರಿಸಿದರೂ ವಿಳಂಬಕ್ಕೆ, ಬೆಲೆ ಏರಿಕೆಗೆ ಉತ್ತರ ಕೇಳುವುದು ಉಳಿದೇ ಇರುತ್ತದೆ. ಆಗ ಪ್ರಶ್ನೆ ಇನ್ನೂ ಚುರುಕಾಗುತ್ತದೆ.

ಅಪಾರ್ಟ್‌ಮೆಂಟುಗಳ ಸುದ್ದಿಗೆ ಹೆಚ್ಚು ಹೊತ್ತು ಬೇಡ. ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಕಾರ್ಪೆಟ್ ಏರಿಯಾ ಎಂದರೇನು ಎಂದು ಬಿಡಿಸಿ ಹೇಳಿದೆ: ಒಳಗಿನ ಅಡ್ಡಗೋಡೆಗಳು ಲೆಕ್ಕಕ್ಕೆ ಸೇರುತ್ತವೆ, ಹೊರಗೋಡೆ, ಬಾಲ್ಕನಿ ಸೇರುವುದಿಲ್ಲ. ಇಷ್ಟಾದರೂ ಆಸ್ತಿ ಪುರವಣಿಗಳು ಯಾವ ಅಳತೆ ಎಂದು ಹೇಳದೆ ಬರಿಯ ಚದರ ಅಡಿ ಬರೆಯುತ್ತವೆ. ಅಲ್ಲಿ ಜಾಹೀರಾತು ಎಲ್ಲಿ ಮುಗಿದು ಸುದ್ದಿ ಎಲ್ಲಿ ಶುರುವಾಗುತ್ತದೆ ಎಂದು ಕಂಡುಹಿಡಿಯುವ ಕಷ್ಟ ಓದುಗನದು.

ಕಾರಣಕ್ಕೆ ಕಾಯಬೇಕು ಎಂದರೆ ಮೊದಲ ದಿನ ಏನೂ ಬರೆಯಬಾರದು ಎಂದಲ್ಲ. ಅಂದೇ ಖಚಿತಪಡಿಸಿಕೊಳ್ಳಬಹುದಾದ ಸಂಗತಿಗಳು ಬೇಕಾದಷ್ಟಿವೆ. ಮಂಜೂರಾದ ನಕ್ಷೆ ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿರುತ್ತದೆ. ನೆಲಮಹಡಿಯ ಮೇಲೆ ಎಷ್ಟಕ್ಕೆ ಅನುಮತಿ, ಎಷ್ಟು ಏರಿದೆ ಎಂದು ತಾಳೆ ನೋಡಬಹುದು. ಸೆಂಟ್ರಿಂಗ್, ಅಂದರೆ ಹಸಿ ಕಾಂಕ್ರೀಟನ್ನು ಹೊರುವ ಹಲಗೆ ಮತ್ತು ಆಧಾರ, ಹಾಕಿದ ಮೇಸ್ತ್ರಿ ಬದುಕಿದ್ದರೆ, ಕಾಂಕ್ರೀಟ್ ಸುರಿದು ಎಷ್ಟು ದಿನಕ್ಕೆ ಆಧಾರ ತೆಗೆಸಿದರು ಎಂದು ಅವನಿಗೆ ಗೊತ್ತಿರುತ್ತದೆ.

ಸತ್ತವರ ಬಗ್ಗೆ ನಾವು ಕೇಳುವುದೇ ಇಲ್ಲದ ಪ್ರಶ್ನೆಗಳೂ ಇವೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ, 18ರಿಂದ 60ರೊಳಗಿನ ವಯಸ್ಸಿನವರು ಹಿಂದಿನ 12 ತಿಂಗಳಲ್ಲಿ 90 ದಿನ ಈ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ಫಲಾನುಭವಿಯಾಗಿ ನೋಂದಾಯಿಸಿಕೊಳ್ಳಬಹುದಿತ್ತು. ಆ ಮಂಡಳಿಯ ನಿಧಿಗೆ ನಿರ್ಮಾಣ ವೆಚ್ಚದ ಶೇಕಡ 1ರಷ್ಟು ಸೆಸ್ ವಸೂಲಾಗುತ್ತ ಬಂದಿದೆ. ಹಾಗಾದರೆ ಈ ಕಟ್ಟಡಕ್ಕೆ ಸೆಸ್ ಕಟ್ಟಿದ್ದರೇ? ಸತ್ತವರ ಹೆಸರು ಮಂಡಳಿಯ ಪಟ್ಟಿಯಲ್ಲಿತ್ತೇ? ಇಲ್ಲದಿದ್ದರೆ ಅವರನ್ನು ಕೆಲಸಕ್ಕೆ ಕರೆತಂದವರು ಯಾರು? ಇದಕ್ಕೆ ಪ್ರಯೋಗಾಲಯದ ವರದಿ ಬರುವವರೆಗೆ ಕಾಯಬೇಕಾಗಿಲ್ಲ. ಕಾರ್ಮಿಕ ಇಲಾಖೆಗೆ ಅಂದೇ ಸಂಜೆ ಒಂದು ಫೋನು ಮಾಡಬಹುದು.

ನಮಸ್ಕಾರ.